ಡಿ ಕುಗ್ಗಿಸಿದರೂ ಸಿ ಹಿಗ್ಗುತ್ತಿಲ್ಲ!

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸಿ ಡ್ರೈವ್ ತುಂಬಿದೆ. ಡಿ ಡ್ರೈವ್ ಕುಗ್ಗಿಸಿ 50 ಜಿಬಿ ಬಿಡಿಸಿಕೊಂಡೆ. ಆದರೂ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿಯೇ ಇದೆ. ಯಾಕೆ?

ಉತ್ತರ: ಡಿ ಕುಗ್ಗಿಸಿದಾಗ ಖಾಲಿಯಾಗುವುದು ಅದರ ಬಾಲದ ಕಡೆ. ಸಿ ಹಿಗ್ಗಲು ಅದರ ಬಲಮಗ್ಗುಲಲ್ಲೇ ಜಾಗ ಬೇಕು. ಪಕ್ಕದ ಮನೆಯವರು ತಮ್ಮ ಆಚೆಬದಿಯ ಹಿತ್ತಿಲು ಬಿಟ್ಟುಕೊಟ್ಟರೆ ನಿಮ್ಮ ಗೋಡೆ ಸರಿದೀತೆ?

ಮೊದಲು ಡಿಯ ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲಿಸಿ, ನಾಲ್ಕಾರು ಫೈಲು ತೆರೆದು ಖಾತ್ರಿಪಡಿಸಿಕೊಳ್ಳಿ. ಸಿಯಲ್ಲಿರುವ ಮುಖ್ಯ ಫೈಲುಗಳಿಗೂ ನಕಲು ಇರಲಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಡಿಯಲ್ಲಿ ಪ್ರೋಗ್ರಾಂಗಳು ಇಲ್ಲವೆಂದಾದರೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಅಳಿಸಿ, ಸಿ ಹಿಗ್ಗಿಸಿ, ಉಳಿದದ್ದರಲ್ಲಿ ಹೊಸ ಡಿ ಮಾಡಿಕೊಳ್ಳಿ.

ಸಿ ಮತ್ತು ಡಿ ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ಅದನ್ನು ಅಳಿಸಬೇಡಿ. ಡಿ ಅಳಿಸಿದ ಮೇಲೆ, ಜಿಪಾರ್ಟೆಡ್ ಎಂಬ ಪಾರ್ಟಿಷನ್ ತಂತ್ರಾಂಶ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬಲಕ್ಕೆ ಸರಿಸಬಹುದು. ಅರ್ಧಕ್ಕೆ ಕರೆಂಟ್ ಕೈಕೊಟ್ಟರೆ ಡೇಟಾ ಹೋದೀತು. ಚಾರ್ಜರ್ ಸಿಕ್ಕಿಸಿಯೇ ಶುರುಮಾಡಿ.

ಲಿನಕ್ಸ್ ಬಳಸುವವರಿಗೂ ಒಂದು ಮಾತು: ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್, ಆಮೇಲೆ ಪಾರ್ಟಿಷನ್. ಹಿಗ್ಗಿಸುವಾಗ ಇದು ತಿರುವುಮುರುವು. ಕಾಳು ತೆಗೆಯದೆ ಚೀಲ ಕತ್ತರಿಸಿದರೆ ಚೆಲ್ಲುವುದು ಕಾಳೇ.