ಒಂಟಿಯಾಗಿ ಕುಳಿತ ಮಗುವನ್ನು ಕಂಡಾಗ ಮಾಡತಕ್ಕದ್ದೇನು?

ಕಾಣೆಯಾದ ಮಗುವಿನ ವಿಷಯದಲ್ಲಿ ಅತ್ಯಂತ ದುಃಖಕರವಾದ ಸಂಗತಿಯೆಂದರೆ, ಅದನ್ನು ಅರಸುವವರು ಒಂದೂರಿನಲ್ಲಿಯೂ ಕಂಡವರು ಇನ್ನೊಂದೂರಿನಲ್ಲಿಯೂ ಇದ್ದು, ಇವರ ಸುದ್ದಿ ಅವರಿಗೆ ಮುಟ್ಟದೆ ಹೋಗುವುದು. ರಾಯಚೂರಿನಲ್ಲಿ ತಾಯಿಯೊಬ್ಬಳು ಠಾಣೆಯ ಬಾಗಿಲಲ್ಲಿ ಕಾದಿರುವ ಹೊತ್ತಿಗೇ ಅವಳ ಮಗ ಯಶವಂತಪುರದ ರೈಲು ನಿಲ್ದಾಣದಲ್ಲಿ ಯಾರೋ ಕೊಡಿಸಿದ ಇಡ್ಲಿಯನ್ನು ತಿನ್ನುತ್ತಿರಬಹುದು. ಕೊಡಿಸಿದವರು ದಯಾಳುಗಳೇ ಸರಿ, ಆದರೆ ಅವರು ಅಷ್ಟಕ್ಕೇ ತೃಪ್ತರಾಗಿ ತಮ್ಮ ಗಾಡಿಯನ್ನೇರಿದರೆ ಆ ಹುಡುಗ ಕಣ್ಣಿಗೆ ಬಿದ್ದೂ ಕಾಣೆಯಾಗಿಯೇ ಉಳಿದಂತಾಯಿತು. ಆದಕಾರಣ ಸಾಮಾನ್ಯ ಜನರಾದ ನಾವು ಮಾಡಬಹುದಾದ ಮುಖ್ಯ ಸಹಾಯವೆಂದರೆ, ಕಂಡ ಮಗು ದಾಖಲೆಗೆ ಸೇರುವಂತೆ ನೋಡಿಕೊಳ್ಳುವುದು. ಇದಕ್ಕೆ ಪತ್ತೇದಾರನ ಚಾತುರ್ಯ ಬೇಡ. ಸ್ವಲ್ಪ ಹೊತ್ತು ನಿಲ್ಲುವ ಮನಸ್ಸು ಬೇಕು.

ಮೊದಲ ಹೆಜ್ಜೆ, ಗಮನಿಸುವುದು. ಬಸ್ ನಿಲ್ದಾಣದ ಮೂಲೆಯಲ್ಲಿ ಬಹಳ ಹೊತ್ತಿನಿಂದ ಕುಳಿತಿರುವ, ಶಾಲೆಯ ಸಮವಸ್ತ್ರದಲ್ಲಿಯೇ ಇದ್ದರೂ ಶಾಲೆಯ ಹೊತ್ತಿನಲ್ಲಿ ಹೊರಗೆ ಅಲೆಯುತ್ತಿರುವ, ಬಂದ ಪ್ರತಿಯೊಂದು ಬಸ್ಸನ್ನೂ ನೋಡಿ ಯಾವುದನ್ನೂ ಹತ್ತದಿರುವ ಮಗು ಕಂಡರೆ ಒಂದು ಕ್ಷಣ ನಿಲ್ಲಿರಿ. ದೊಡ್ಡವರೊಬ್ಬರ ಜೊತೆಯಲ್ಲಿದ್ದೂ ಮಗು ಬೆದರಿದಂತಿದ್ದರೆ, ಅಥವಾ ಅವರ ಮಾತು ಮಗುವಿಗೂ ಮಗುವಿನ ಮಾತು ಅವರಿಗೂ ಅರ್ಥವಾಗದಂತೆ ತೋರಿದರೆ, ನೀವಾಗಿಯೇ ಜಗಳಕ್ಕಿಳಿಯದೆ ಸ್ಥಳವನ್ನೂ ಗುರುತನ್ನೂ, ರೈಲಾದರೆ ಬೋಗಿಯ ಸಂಖ್ಯೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ರೈಲ್ವೆ ರಕ್ಷಣಾ ದಳದವರಿಗೆ ಇಲ್ಲವೆ ರೈಲ್ವೆ ಸಹಾಯವಾಣಿಯಾದ 139ಕ್ಕೆ, ಬೇರೆಡೆಯಾದರೆ ತುರ್ತು ಕರೆಯ 112ಕ್ಕೆ ತಿಳಿಸತಕ್ಕದ್ದು.

ಎರಡನೆಯದು, ಮಗುವಿನೊಡನೆ ಮಾತನಾಡುವುದು. ಇದನ್ನು ಒಬ್ಬರೇ ಮಾಡದೆ ಹತ್ತಿರದ ಅಂಗಡಿಯವರನ್ನೋ ಮಹಿಳೆಯೊಬ್ಬರನ್ನೋ ಜೊತೆಗೆ ಕರೆದುಕೊಳ್ಳುವುದು ಮಗುವಿಗೂ ನಿಮಗೂ ಕ್ಷೇಮ. ಕೈಹಿಡಿದು ಎಳೆಯಬಾರದು, ಮುಂದೆ ಕುಳಿತು, ನಿಮ್ಮ ಹೆಸರನ್ನು ಮೊದಲು ಹೇಳಿ, ಬಾಯಾರಿಕೆಯೇ ಹಸಿವೇ ಎಂದು ವಿಚಾರಿಸಿರಿ. ‘ನಿನ್ನ ವಿಳಾಸವೇನು?’ ಎಂಬ ಪ್ರಶ್ನೆ ಐದಾರು ವರ್ಷದ ಮಗುವಿಗೆ ನಿಷ್ಪ್ರಯೋಜಕ. ಅದಕ್ಕೆ ಜಿಲ್ಲೆಯ ಹೆಸರು ತಿಳಿಯದು, ತಂದೆಯ ಪೂರ್ಣ ನಾಮಧೇಯವೂ ಎಷ್ಟೋ ವೇಳೆ ತಿಳಿಯದು. ಆದರೆ ಟೀಚರ ಹೆಸರು ಗೊತ್ತಿರುತ್ತದೆ. ಊರ ಜಾತ್ರೆ ಯಾವ ದೇವರದು, ಮನೆಯ ಬಳಿ ಕೆರೆಯಿದೆಯೇ ಹೊಳೆಯಿದೆಯೇ, ಅಪ್ಪ ಯಾವ ಕೆಲಸಕ್ಕೆ ಹೋಗುತ್ತಾನೆ, ಅಮ್ಮನನ್ನು ಅಜ್ಜಿ ಏನೆಂದು ಕೂಗುತ್ತಾಳೆ ಎಂಬುದೆಲ್ಲ ಗೊತ್ತಿರುತ್ತದೆ. ಯಲ್ಲಮ್ಮನ ಗುಡ್ಡದ ಹೆಸರು ಹೇಳಿದ ಮಗುವನ್ನು ಬೆಂಗಳೂರಿನ ಗಲ್ಲಿಗಳಲ್ಲಿ ವಿಚಾರಿಸುವುದಕ್ಕಿಂತ ಸವದತ್ತಿಯ ಕಡೆ ವಿಚಾರಿಸುವುದು ಲೇಸಲ್ಲವೇ? ಮಾತಿನ ಧಾಟಿಯನ್ನೂ ಲಕ್ಷಿಸಿರಿ: ‘ಹೋಗ್ತೀನಿ’ ಎನ್ನುವ ಮಗುವಿನ ಸೀಮೆ ಬೇರೆ, ‘ಹೊಕ್ಕೀನಿ’ ಎನ್ನುವ ಮಗುವಿನ ಸೀಮೆ ಬೇರೆ. ಕನ್ನಡ ಬಾರದ ಮಗುವಾದರೆ ಅದರ ಭಾಷೆ ಬಲ್ಲ ಕಾರ್ಮಿಕರೋ ಪ್ರಯಾಣಿಕರೋ ಅಲ್ಲಿಯೇ ಇದ್ದಾರು. ತಿಳಿದುದನ್ನೆಲ್ಲ ಮಗು ಹೇಳಿದ ಮಾತಿನಲ್ಲಿಯೇ ಬರೆದಿಡಿರಿ. ‘ಮನೆ ಬಿಟ್ಟು ಏಕೆ ಬಂದೆ?’ ಎಂದು ಗದರಿಸುವುದಂತೂ ಕೂಡದು. ಒಮ್ಮೆ ಬಾಯಿ ಮುಚ್ಚಿದ ಮಗು ಮತ್ತೆ ಬೇಗನೆ ತೆರೆಯುವುದಿಲ್ಲ.

ಜಾತ್ರೆಯಲ್ಲಿಯೋ ದಸರೆಯ ಜನಸಂದಣಿಯಲ್ಲಿಯೋ ಆಗತಾನೆ ಕೈತಪ್ಪಿದ ಮಗುವಾದರೆ ಅದನ್ನು ದೂರ ಒಯ್ಯದಿರುವುದೇ ಉತ್ತಮ, ಏಕೆಂದರೆ ತಾಯ್ತಂದೆಗಳು ಕೊನೆಯ ಸಲ ಕಂಡ ಜಾಗಕ್ಕೇ ಹಿಂದಿರುಗುತ್ತಾರೆ. ಮೈಕಿನಲ್ಲಿ ಕೂಗಿಸುವಾಗ ಮಗುವಿನ ಹೆಸರನ್ನೂ ಗುರುತುಗಳನ್ನೂ ಸಾರದೆ, ಇಂತಹ ಸ್ಥಳದಲ್ಲಿ ಒಂದು ಮಗು ಇದೆಯೆಂದಷ್ಟೇ ಹೇಳಿಸಿ, ಬಂದವರು ಅವನ್ನು ತಾವಾಗಿ ಹೇಳಲಿ. ಆಗಲೂ ಪೊಲೀಸರ ಸಮಕ್ಷಮದಲ್ಲಿಯೇ ಒಪ್ಪಿಸತಕ್ಕದ್ದು.

ಮೂರನೆಯ ಹೆಜ್ಜೆ, ಕರೆ. ಮಕ್ಕಳ ಸಹಾಯವಾಣಿಯ 1098 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. 112 ಕೂಡ ಆಗಬಹುದು. ನೀವು ನಿಂತಿರುವ ನಿಖರವಾದ ಸ್ಥಳ, ಮಗುವಿನ ಅಂದಾಜು ವಯಸ್ಸು, ಉಡುಪು, ಭಾಷೆ, ಗಾಯವೇನಾದರೂ ಇದ್ದರೆ ಅದು, ಇಷ್ಟನ್ನು ಹೇಳಿ, ಜವಾಬ್ದಾರರು ಬರುವವರೆಗೆ ಮಗುವಿನ ಬಳಿಯಲ್ಲಿಯೇ ಇರಿ. 2015ರ ಬಾಲನ್ಯಾಯ ಕಾಯ್ದೆಯ 32ನೆಯ ಕಲಮಿನ ಪ್ರಕಾರ, ಕಳೆದುಹೋದ ಅಥವಾ ಪರಿತ್ಯಕ್ತವಾದ ಮಗು ಯಾರ ವಶಕ್ಕೆ ಬಂದರೂ ಅವರು 24 ಗಂಟೆಯೊಳಗೆ ಸಹಾಯವಾಣಿಗಾಗಲಿ, ಪೊಲೀಸರಿಗಾಗಲಿ, ಮಕ್ಕಳ ಕಲ್ಯಾಣ ಸಮಿತಿಗಾಗಲಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕಾಗಲಿ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಒಪ್ಪಿಸುವಾಗ ಅಧಿಕಾರಿಯ ಹೆಸರನ್ನೂ ಠಾಣೆಯನ್ನೂ ಬರೆದುಕೊಂಡು, ಮರುದಿನ ಒಮ್ಮೆ ವಿಚಾರಿಸಿದರೆ ನಿಮ್ಮ ಕೆಲಸ ಪೂರ್ಣವಾಯಿತು.

‘ಪಾಪ, ಮಗು ಊರಿನ ಹೆಸರು ಹೇಳಿತು, ನಾನೇ ಬಸ್ಸು ಹತ್ತಿಸಿ ಕಳುಹಿಸುತ್ತೇನೆ’ ಎನ್ನುವ ಸಜ್ಜನರುಂಟು. ದಯವಿಟ್ಟು ಹಾಗೆ ಮಾಡಬೇಡಿರಿ. ಹೊಡೆತಕ್ಕೋ, ದುಡಿಮೆಗೋ, ಬಲವಂತದ ಮದುವೆಗೋ ಹೆದರಿ ಓಡಿಬಂದ ಮಗುವನ್ನು ನೀವು ಅದೇ ಬಾಗಿಲಿಗೆ ದೂಡಿದಂತಾಗಬಹುದು. ಮನೆಗೆ ಕಳುಹಿಸಬೇಕೋ, ಕೆಲಕಾಲ ಬಾಲಮಂದಿರದಲ್ಲಿರಿಸಬೇಕೋ ಎಂಬುದನ್ನು ಮಗುವಿನ ಮಾತನ್ನು ಕೇಳಿ ನಿರ್ಣಯಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗೆ ಸೇರಿದ್ದು. ಕರುಣೆಯಿಂದಲಾದರೂ ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡು ಸಾಕುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಇನ್ನು ಕಾಣೆಯಾದದ್ದು ನಿಮ್ಮ ನೆರೆಮನೆಯ ಮಗುವಾದರೆ ಕ್ರಮ ಬೇರೆ. ಕೆಲವರು ಮನೆಯನ್ನೂ ಸುತ್ತಮುತ್ತಣ ಬಾವಿ, ನೀರಿನ ತೊಟ್ಟಿ, ಕೃಷಿಹೊಂಡ, ನಿಂತ ವಾಹನ, ಹುಲ್ಲಿನ ಬಣವೆಗಳನ್ನೂ ಶೋಧಿಸುತ್ತಿರುವಾಗಲೇ ಇನ್ನು ಕೆಲವರು ಪೋಷಕರೊಡನೆ ಠಾಣೆಗೆ ಹೋಗಬೇಕು; ನೀರಿರುವ ಜಾಗಗಳನ್ನು ಎಲ್ಲಕ್ಕಿಂತ ಮೊದಲು ನೋಡಿರಿ. ಒಂದು ದಿನ ಕಾದು ನೋಡಬೇಕೆಂಬ ನಂಬಿಕೆ ನಮ್ಮ ಜನರಲ್ಲಿ ಹೇಗೋ ಬೇರೂರಿದೆ, ಅದಕ್ಕೆ ಯಾವ ಆಧಾರವೂ ಇಲ್ಲ. ಕಾಣೆಯಾದ ಮಗುವಿನ ಪ್ರತಿಯೊಂದು ದೂರನ್ನೂ ಅಪಹರಣವೋ ಸಾಗಾಣಿಕೆಯೋ ಎಂದು ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರ ಮೇ 10ರಂದೇ ಆದೇಶಿಸಿದೆ. ‘ಇದು ನಮ್ಮ ಸರಹದ್ದಲ್ಲ’ ಎಂಬ ಉತ್ತರಕ್ಕೂ ಎಡೆಯಿಲ್ಲ; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ನಡೆದ ಸ್ಥಳ ಯಾವುದೇ ಆಗಲಿ, ಠಾಣೆಯವರು ದೂರನ್ನು ಸ್ವೀಕರಿಸತಕ್ಕದ್ದು. ಇತ್ತೀಚಿನ ಭಾವಚಿತ್ರ, ತೊಟ್ಟಿದ್ದ ಬಟ್ಟೆ ಮತ್ತು ಚಪ್ಪಲಿ, ಮಚ್ಚೆ, ಮನೆಯಲ್ಲಿ ಕರೆಯುವ ಹೆಸರು, ಗೆಳೆಯರು, ಹಿಂದಿನ ದಿನ ಮನೆಯಲ್ಲಿ ನಡೆದಿರಬಹುದಾದ ಜಗಳ, ಇವೆಲ್ಲವನ್ನೂ ಪೋಷಕರು ಸಂಕೋಚವಿಲ್ಲದೆ ಹೇಳುವಂತೆ ಜೊತೆಗಿದ್ದವರು ಧೈರ್ಯ ಕೊಡಬೇಕು. ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ಮಗುವಿನ ವಿವರಗಳನ್ನು ಮಿಷನ್ ವಾತ್ಸಲ್ಯ ಜಾಲತಾಣಕ್ಕೆ ಏರಿಸಿದರೇ ಎಂದು ಕೇಳಿ ತಿಳಿಯಿರಿ, ಏಕೆಂದರೆ ದೂರದ ಊರಿನಲ್ಲಿ ಸಿಕ್ಕ ಮಗುವಿನೊಡನೆ ಹೋಲಿಸಿ ನೋಡಲು ಅಂತಹ ದಾಖಲೆಯೇ ಆಧಾರ. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯಗಳು ಕೆಲವು ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುವುದರಿಂದ, ಅವನ್ನು ಕಾದಿಡುವಂತೆ ಆ ದಿನವೇ ಕೇಳಿಕೊಳ್ಳತಕ್ಕದ್ದು. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ, ಪ್ರಕರಣವನ್ನು ಮಾನವ ಕಳ್ಳಸಾಗಾಣಿಕೆ ತಡೆ ಘಟಕಕ್ಕೆ ವರ್ಗಾಯಿಸಬೇಕೆಂದು ಕೇಳಬಹುದು.

ವಾಟ್ಸಾಪಿನ ಮಾತನ್ನು ಹೇಳದೆ ಗತ್ಯಂತರವಿಲ್ಲ. ಚಿತ್ರವೊಂದು ಬಂದೊಡನೆ ಅದರಲ್ಲಿ ದಿನಾಂಕ, ಠಾಣೆ, ದೂರಿನ ಸಂಖ್ಯೆ ಇವೆಯೇ ಎಂದು ನೋಡಿ, ಠಾಣೆಗೊಮ್ಮೆ ಕೇಳಿದ ಮೇಲಷ್ಟೇ ಮುಂದೆ ಕಳುಹಿಸಿರಿ; ನೀವೇ ಕಂಡ ಮಗುವಿನ ಚಿತ್ರವನ್ನಂತೂ ಹಂಚಬೇಡಿರಿ, ಅದು ತಪ್ಪಿಸಿಕೊಂಡುಬಂದ ಕೈಗಳಿಗೂ ಆ ಚಿತ್ರ ದಾರಿ ತೋರೀತು. ಮಕ್ಕಳ ಕಳ್ಳರು ಬಂದರೆಂಬ ವದಂತಿಯಂತೂ ಜೀವವನ್ನೇ ತೆಗೆಯಬಲ್ಲದು: 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪ್ರಯಾಣಿಕರನ್ನು ಜನ ಅಟ್ಟಿಸಿಕೊಂಡು ಹೋಗಿ, ಹೈದರಾಬಾದಿನ ತರುಣ ಎಂಜಿನಿಯರನೊಬ್ಬನನ್ನು ಬಡಿದು ಕೊಂದರು. ಸಂಶಯ ಬಂದರೆ 112ಕ್ಕೆ ಕರೆ ಮಾಡಿರಿ, ಕೈಯೆತ್ತಬೇಡಿರಿ.

ಮಗು ಮರಳಿ ಬಂದ ತರುವಾಯ ಮಾಡಬೇಕಾದ ಕೆಲಸವೂ ನೆರೆಹೊರೆಯವರಿಗೆ ಸ್ವಲ್ಪವಿದೆ. ಠಾಣೆಗೆ ತಿಳಿಸುವಂತೆ ಪೋಷಕರಿಗೆ ನೆನಪಿಸಿ, ಹಂಚಿದ್ದ ಚಿತ್ರಗಳನ್ನು ಅಳಿಸಿಸಿರಿ, ‘ಎಲ್ಲಿಗೆ ಓಡಿಹೋಗಿದ್ದೆ?’ ಎಂದು ದಾರಿಯಲ್ಲಿ ಕೆಣಕದಂತೆ ನಿಮ್ಮ ಮನೆಯ ಮಕ್ಕಳಿಗೂ ಹೇಳಿರಿ. ಆ ಮನೆಯಲ್ಲಿ ಹೊಡೆತ ನಿಂತಿಲ್ಲವೆಂದು ತಿಳಿದುಬಂದರೆ, ಮಗು ಎರಡನೆಯ ಸಲ ರೈಲು ಹತ್ತುವವರೆಗೆ ಕಾಯದೆ ಮತ್ತೆ 1098ಕ್ಕೆ ತಿಳಿಸಿರಿ.