ಸೆಂಟರ್ ಕನ್ಸೋಲ್ ದೋಣಿ: ಕೊಳ್ಳುವವರು ಮೊದಲು ನೋಡಬೇಕಾದದ್ದು ತಳ

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿಯೂ ಮೆಕ್ಸಿಕೊ ಕೊಲ್ಲಿಯ ಅಂಚಿನಲ್ಲಿಯೂ ಹವ್ಯಾಸಕ್ಕಾಗಿ ಗಾಳ ಹಾಕುವವರು ಬಹುವಾಗಿ ಮೆಚ್ಚುವ ದೋಣಿಯೆಂದರೆ ‘ಸೆಂಟರ್ ಕನ್ಸೋಲ್’. ಚುಕ್ಕಾಣಿಯ ಚಕ್ರ, ವೇಗದ ಹಿಡಿಕೆ, ದಿಕ್ಕು ಮತ್ತು ಆಳ ತೋರಿಸುವ ಉಪಕರಣಗಳನ್ನೆಲ್ಲ ಹೊತ್ತ ಎತ್ತರದ ಪೆಟ್ಟಿಗೆಯೊಂದನ್ನು, ಅಂದರೆ ಕನ್ಸೋಲನ್ನು, ದೋಣಿಯ ನಟ್ಟನಡುವೆ ಕೂರಿಸಿ ಸುತ್ತಲೂ ನಡೆದಾಡಲು ಜಾಗ ಬಿಟ್ಟಿರುವುದರಿಂದ ಅದಕ್ಕೆ ಈ ಹೆಸರು ಬಂದಿದೆ. ಗಾಳಕ್ಕೆ ಸಿಕ್ಕಿದ ದೊಡ್ಡ ಮೀನು ದೋಣಿಯನ್ನು ಸುತ್ತುಹಾಕತೊಡಗಿದಾಗ ಕೋಲು ಹಿಡಿದವರೂ ಅದರ ಹಿಂದೆಯೇ ತಡೆಯಿಲ್ಲದೆ ಸುತ್ತಬಹುದೆಂಬುದು ಈ ವಿನ್ಯಾಸದ ಮುಖ್ಯ ಲಾಭ. ಕರ್ನಾಟಕದ ಕರಾವಳಿಯ ಫೈಬರ್ ನಾಡದೋಣಿಗಳಲ್ಲಿ ಔಟ್‌ಬೋರ್ಡ್ ಇಂಜಿನ್ನಿನ ಹಿಡಿಕೆಯನ್ನೇ ಹಿಡಿದು ಹಿಂದೆ ಕುಳಿತು ದೋಣಿ ತಿರುಗಿಸುವ ರೂಢಿ ಇರುವುದರಿಂದ, ಫ್ಲಾರಿಡ, ಟೆಕ್ಸಾಸ್ ಮೊದಲಾದ ಕಡೆ ನೆಲೆಸಿ ಮೊದಲ ಬಾರಿಗೆ ಸ್ವಂತ ದೋಣಿ ಕೊಳ್ಳಹೊರಟ ಕನ್ನಡಿಗರಿಗೆ ಈ ಮಾದರಿ ಹೊಸದೆನಿಸಬಹುದು. ಮಾರಾಟದ ಮಳಿಗೆಯಲ್ಲಿ ಕಣ್ಣು ಮೊದಲು ಹೋಗುವುದು ಹೊಳೆಯುವ ಪರದೆಗಳ ಮೇಲೆ ಮತ್ತು ಇಂಜಿನ್ನಿನ ಮೇಲೆ ಬರೆದ ಅಶ್ವಶಕ್ತಿಯ ಅಂಕಿಯ ಮೇಲೆ; ಆದರೆ ಅವೆರಡನ್ನೂ ಮುಂದೆ ಬದಲಾಯಿಸಿಕೊಳ್ಳಬಹುದು, ತಳದ ಆಕಾರವನ್ನು ಬದಲಾಯಿಸಲಾಗದು.

ಮೊದಲ ಹಂತ: ಯಾವ ನೀರು?

ದೋಣಿಯ ಆಯ್ಕೆ ಅದು ಓಡಾಡಬೇಕಾದ ನೀರಿನಿಂದ ಆರಂಭವಾಗಬೇಕು. ಫ್ಲಾರಿಡ ಎಂಬ ಒಂದೇ ರಾಜ್ಯದೊಳಗೆ ಎರಡು ಪೂರ್ತಿ ಬೇರೆ ಬಗೆಯ ನೀರುಗಳಿವೆ. ದಕ್ಷಿಣ ತುದಿಯ ಫ್ಲಾರಿಡ ಬೇ ಎಂಬ ಹಿನ್ನೀರು ಹೆಚ್ಚಿನ ಕಡೆ ಸೊಂಟದ ಆಳವನ್ನೂ ಮೀರುವುದಿಲ್ಲ. ಅಲ್ಲಿಯೂ ಪೂರ್ವದ ಇಂಡಿಯನ್ ರಿವರ್ ಲಗೂನಿನಲ್ಲಿಯೂ ರೆಡ್‌ಫಿಶ್, ಸ್ನೂಕ್, ಸೀಟ್ರೌಟ್ ಮೀನುಗಳಿಗಾಗಿ ನೀರಹುಲ್ಲಿನ ಮೇಲೆ ಸದ್ದಿಲ್ಲದೆ ಜಾರುವ ದೋಣಿ ಬೇಕು. ಅದೇ ಮಯಾಮಿಯಿಂದ ಪಾಮ್ ಬೀಚ್‌ವರೆಗಿನ ತೀರದಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಸಾಗರ ಪ್ರವಾಹ ದಡದ ಸಮೀಪದಲ್ಲೇ ಉತ್ತರಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಅದಕ್ಕೆ ಎದುರಾಗಿ ಬೀಸಿದ ದಿನ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಎದ್ದುನಿಲ್ಲುವುದರಿಂದ ಹಿನ್ನೀರಿನ ದೋಣಿಗೆ ಅಲ್ಲಿ ಉಳಿಗಾಲವಿಲ್ಲ. ಈ ಹೊರಗಡಲಿನಲ್ಲಿ ಸಿಗುವ ಕಿಂಗ್ ಮ್ಯಾಕೆರೆಲ್ ಮೀನು ಕರಾವಳಿಯ ಅಂಜಲ್ ಮೀನಿನ ಕುಲಕ್ಕೇ ಸೇರಿದ್ದಾದುದರಿಂದ ಮಲ್ಪೆ, ಮಂಗಳೂರುಗಳ ಕಡೆಯಿಂದ ಹೋದವರಿಗೆ ಅದರ ಸೆಳೆತ ಹೆಚ್ಚಿರುವುದು ಸಹಜವೇ. ಹಾಗೆಂದು ಆ ಸೆಳೆತಕ್ಕೆ ತಕ್ಕ ದೋಣಿಯನ್ನು ಕೊಂಡು ವರ್ಷವಿಡೀ ಹಿನ್ನೀರಿನಲ್ಲೇ ತಿರುಗುವುದು ಹಣದ ಸದುಪಯೋಗವಲ್ಲ. ವರ್ಷದ ಹೆಚ್ಚಿನ ದಿನಗಳು ಎಲ್ಲಿ ಕಳೆಯುತ್ತವೆಯೋ ಆ ನೀರಿಗೆ ದೋಣಿ ಕೊಳ್ಳಬೇಕು.

ಎರಡನೆಯ ಹಂತ: ತಳದ ಕೋನ

ದೋಣಿಯ ತಳವನ್ನು ಹಿಂದಿನಿಂದ ನೋಡಿದಾಗ ನಡುಗೆರೆಯಿಂದ ಎರಡೂ ಬದಿಗೆ ಅದು ಎಷ್ಟು ಓರೆಯಾಗಿ ಏರಿದೆಯೆಂಬ ಅಳತೆಗೆ ‘ಡೆಡ್‌ರೈಸ್’ ಎನ್ನುತ್ತಾರೆ. ಇದನ್ನು ಡಿಗ್ರಿಗಳಲ್ಲಿ ಹೇಳುತ್ತಾರೆ. ಕೋನ ಹೆಚ್ಚಿದ್ದಷ್ಟೂ ತಳವು ಕೊಡಲಿಯ ಬಾಯಿಯಂತೆ ಅಲೆಯನ್ನು ಸೀಳಿಕೊಂಡು ಇಳಿಯುತ್ತದೆ, ಕಡಿಮೆಯಿದ್ದಷ್ಟೂ ಅಲೆಯ ಮೇಲೆ ಬಡಿಯುತ್ತದೆ. ಕಡಿದಾದ ಈ ತಳದ ಶಕ್ತಿಯನ್ನು ಲೋಕಕ್ಕೆ ತೋರಿಸಿದ್ದು 1960ರ ಮಯಾಮಿ–ನಸೌ ಮೋಟಾರು ದೋಣಿ ಪಂದ್ಯ: ವಿನ್ಯಾಸಕಾರ ರೇ ಹಂಟ್ ರೂಪಿಸಿದ, ರಿಚರ್ಡ್ ಬರ್ಟ್ರಮ್ ಅವರ ‘ಮಾಪಿ’ ಎಂಬ ದೋಣಿ ಪ್ರಕ್ಷುಬ್ಧ ಕಡಲಿನಲ್ಲಿ ಗೆದ್ದ ಬಳಿಕ ಹೊರಗಡಲಿನ ದೋಣಿಗಳ ತಳ ಅದೇ ದಾರಿ ಹಿಡಿಯಿತು.

ಇಂದು ಹೊರಗಡಲಿಗೆಂದು ಮಾಡಿದ ಸೆಂಟರ್ ಕನ್ಸೋಲ್‌ಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ 20ರಿಂದ 24 ಡಿಗ್ರಿ, ಹಿನ್ನೀರು ಮತ್ತು ಹತ್ತಿರದ ಕಡಲು ಎರಡಕ್ಕೂ ಒಗ್ಗುವ ‘ಬೇ ಬೋಟ್’ಗಳಲ್ಲಿ ಸುಮಾರು 14ರಿಂದ 18 ಡಿಗ್ರಿ ಕೋನವಿರುತ್ತದೆ. ಕಡಿದಾದ ತಳಕ್ಕೆ ಬೆಲೆ ತೆರಬೇಕಾಗುತ್ತದೆಂಬುದನ್ನು ಮಾರುವವರು ಹೇಳುವುದು ಅಪರೂಪ: ಅದು ಹೆಚ್ಚು ಆಳದ ನೀರನ್ನು ಬೇಡುತ್ತದೆ, ನೀರಿನ ಮೇಲೆ ಎದ್ದು ಓಡಲು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಮತ್ತು ನಿಂತು ಗಾಳ ಹಾಕುವಾಗ ಪಕ್ಕದಿಂದ ಪಕ್ಕಕ್ಕೆ ಹೊಯ್ದಾಡುತ್ತದೆ. ಮೀನು ಹಿಡಿಯುವ ದೋಣಿ ಓಡುವಷ್ಟೇ ಹೊತ್ತು ನಿಂತೂ ಇರುವುದರಿಂದ ಈ ಹೊಯ್ದಾಟ ಸಣ್ಣ ಸಂಗತಿಯಲ್ಲ. ಹೊಟ್ಟೆ ತೊಳಸಿದ ಮಕ್ಕಳು ಎರಡನೆಯ ಬಾರಿ ದೋಣಿ ಹತ್ತಲು ಒಪ್ಪದಿರಬಹುದು. ಕುಟುಂಬದೊಂದಿಗೆ ಹೋಗುವ ಹೊಸಬರಿಗೆ, ಟ್ಯಾಂಪಾ ಬೇಯಂಥ ಒಳನೀರಿನ ಪಕ್ಕದಲ್ಲಿ ಮನೆಯಿದ್ದರೆ, 17 ಡಿಗ್ರಿಯ ಆಸುಪಾಸಿನ 21–22 ಅಡಿಯ ದೋಣಿಯೇ ವಿವೇಕದ ಆಯ್ಕೆ.

ಮೂರನೆಯ ಹಂತ: ಉದ್ದ, ತೂಕ, ಎಳೆಯುವ ವಾಹನ

20 ಅಡಿಗಿಂತ ಚಿಕ್ಕದಾದ ಒಂಟಿ ಒಡಲಿನ ಮೋಟಾರು ದೋಣಿಗೆ ಎಷ್ಟು ಜನ, ಎಷ್ಟು ತೂಕ, ಎಷ್ಟು ಅಶ್ವಶಕ್ತಿ ಎಂಬುದನ್ನು ಕೆತ್ತಿದ ಫಲಕವಿರಬೇಕೆಂದೂ, ಔಟ್‌ಬೋರ್ಡ್ ದೋಣಿಯಾದರೆ ನೀರು ತುಂಬಿದರೂ ಅದು ಮಗುಚದೆ ಮಟ್ಟಸವಾಗಿ ತೇಲುತ್ತಿರಬೇಕೆಂದೂ ಅಮೆರಿಕದ ಒಕ್ಕೂಟ ಸರ್ಕಾರದ ನಿಯಮವಿದೆ. ಈ ನಿಯಮ ಅದಕ್ಕಿಂತ ದೊಡ್ಡ ದೋಣಿಗೆ ಅನ್ವಯಿಸದಿರುವುದರಿಂದ, ದೊಡ್ಡದನ್ನು ಕೊಳ್ಳುವವರು ಒಡಲೊಳಗೆ ತೇಲುವ ಫೋಮ್ ತುಂಬಿದೆಯೇ ಎಂದು ತಯಾರಕರ ದಾಖಲೆಯಲ್ಲೇ ನೋಡಿಕೊಳ್ಳಬೇಕು. ಫೈಬರಿನ ಎರಡು ಪದರಗಳ ನಡುವೆ ಫೋಮ್ ತುಂಬಿ 1958ರಲ್ಲಿ ಮಾರುಕಟ್ಟೆಗೆ ಬಂದ ಬೋಸ್ಟನ್ ವೇಲರ್ ದೋಣಿಯನ್ನು 1961ರಲ್ಲಿ ‘ಲೈಫ್’ ಪತ್ರಿಕೆಯ ಚಿತ್ರಗಳಿಗಾಗಿ ನೀರಿನಲ್ಲೇ ಗರಗಸದಿಂದ ಎರಡು ತುಂಡು ಮಾಡಿದಾಗಲೂ ಅದನ್ನು ಮಾಡಿದ ಡಿಕ್ ಫಿಶರ್ ಒಂದು ತುಂಡಿನಲ್ಲಿ ಕುಳಿತೇ ಇದ್ದರು.

ತೂಕದ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಮಾರಾಟದ ಹಾಳೆಯಲ್ಲಿ ಅಚ್ಚಾಗಿರುವುದು ಬಹುತೇಕ ಬರಿಯ ಒಡಲಿನ ತೂಕ. ಒಡಲು 3,000 ಪೌಂಡ್ ಇದ್ದರೆ ಅದಕ್ಕೆ 200 ಅಶ್ವಶಕ್ತಿಯ ಇಂಜಿನ್ನಿನ ಸುಮಾರು 500 ಪೌಂಡ್, ಗ್ಯಾಲನ್ನಿಗೆ 6 ಪೌಂಡಿನಂತೆ 80 ಗ್ಯಾಲನ್ ಪೆಟ್ರೋಲಿನ 480 ಪೌಂಡ್, ಟ್ರೇಲರಿನ ಸುಮಾರು 1,200 ಪೌಂಡ್, ಲಂಗರು, ಬ್ಯಾಟರಿ, ಮಂಜುಗಡ್ಡೆಗಳ 300 ಪೌಂಡ್ ಸೇರಿ ಮೊತ್ತ 5,500 ಪೌಂಡಿನ ಹತ್ತಿರ, ಅಂದರೆ ಎರಡೂವರೆ ಟನ್ ಮುಟ್ಟುತ್ತದೆ. ಮಧ್ಯಮ ಗಾತ್ರದ ಹಲವು ಎಸ್‌ಯುವಿಗಳ ಎಳೆಯುವ ಮಿತಿ 5,000 ಪೌಂಡ್ ಮಾತ್ರ. ದೋಣಿಯ ಅಗಲ 8 ಅಡಿ 6 ಅಂಗುಲ ಮೀರಿದರೆ ಹೆದ್ದಾರಿಯಲ್ಲಿ ಎಳೆಯಲು ವಿಶೇಷ ಪರವಾನಗಿಯೂ ಬೇಕಾಗುತ್ತದೆ.

ನಾಲ್ಕನೆಯ ಹಂತ: ಇಂಜಿನ್ ಮತ್ತು ಪೆಟ್ರೋಲ್

ಇಂಜಿನ್ನಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಯಮಹಾ, ಮರ್ಕ್ಯುರಿ, ಸುಜುಕಿ, ಹೊಂಡಾಗಳ ಇಂದಿನ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್‌ಗಳೆಲ್ಲವೂ ನಂಬಿಕೆಗೆ ಅರ್ಹವಾಗಿರುವುದರಿಂದ ಮನೆಗೆ ಹತ್ತಿರದಲ್ಲಿ ಯಾವುದರ ರಿಪೇರಿ ಮಾಡುವವರಿದ್ದಾರೋ ಅದನ್ನು ಆರಿಸಿದರೆ ಸಾಕು. ತಯಾರಕರು ಅನುಮತಿಸಿದ ಗರಿಷ್ಠ ಅಶ್ವಶಕ್ತಿಗೆ ಸಮೀಪದ ಇಂಜಿನ್ ಒಳ್ಳೆಯದು; ದುರ್ಬಲ ಇಂಜಿನ್ ಸದಾ ಏದುಸಿರಿನಲ್ಲಿ ದುಡಿದು ಬೇಗ ಸವೆಯುತ್ತದೆ. ಪೂರ್ತಿ ವೇಗದಲ್ಲಿ ಇಂಜಿನ್ ಗಂಟೆಗೆ ತನ್ನ ಅಶ್ವಶಕ್ತಿಯ ಸುಮಾರು ಹತ್ತನೆಯ ಒಂದು ಭಾಗದಷ್ಟು ಗ್ಯಾಲನ್ ಪೆಟ್ರೋಲ್ ಕುಡಿಯುತ್ತದೆಂಬ ಅಂದಾಜು ಬಳಕೆಯಲ್ಲಿದೆ. 200 ಅಶ್ವಶಕ್ತಿಗೆ 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್. ಟ್ಯಾಂಕಿನ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂಬ ಹಳೆಯ ಲೆಕ್ಕವನ್ನು ಇದಕ್ಕೆ ಸೇರಿಸಿ ನೋಡಿದರೆ, ಬಯಸಿದ ಮೀನುತಾಣಕ್ಕೆ ಆ ಟ್ಯಾಂಕ್ ಸಾಲುವುದೋ ಇಲ್ಲವೋ ಎಂಬುದು ಖರೀದಿಗೆ ಮುನ್ನವೇ ತಿಳಿಯುತ್ತದೆ.

ಐದನೆಯ ಹಂತ: ಹಳೆಯ ದೋಣಿಯ ತಪಾಸಣೆ

ಬಳಸಿದ ದೋಣಿಯನ್ನು ಕೊಳ್ಳುವವರೇ ಹೆಚ್ಚಾಗಿರುವುದರಿಂದ ಈ ಹಂತಕ್ಕೆ ಒಂದಿಡೀ ದಿನ ಮೀಸಲಿಡಬೇಕು. ಇಂಜಿನ್ ನೇತುಹಾಕಿದ ಹಿಂಬದಿಯ ಗೋಡೆಗೆ ‘ಟ್ರಾನ್ಸಮ್’ ಎಂದು ಹೆಸರು. ಹಳೆಯ ಹಲವು ದೋಣಿಗಳಲ್ಲಿ ಇದರ ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿಗೆ ಹಚ್ಚಿದ ಅಂಟು ಬಿರುಕುಬಿಟ್ಟರೆ ಉಪ್ಪುನೀರು ಒಳಸೇರಿ, ಹೊರಗಿನ ಬಿಳಿ ಮೈ ಹೊಳೆಯುತ್ತಿರುವಾಗಲೇ ಒಳಗಿನ ಮರ ಕೊಳೆಯುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಗೇಣಿಗೊಂದರಂತೆ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ‘ಟಣ್’ ಎಂಬ ಚುರುಕಾದ ಸದ್ದು ಬರುತ್ತದೆ, ಕೊಳೆತ ಜಾಗದಲ್ಲಿ ‘ದಬ್’ ಎಂದು ಮಂದವಾಗುತ್ತದೆ. ಬಳಿಕ ಇಂಜಿನ್ನನ್ನು ಅರ್ಧ ಎತ್ತಿ ಅದರ ಕೆಳತುದಿಯನ್ನು ಮೇಲೆ ಕೆಳಗೆ ಅಲುಗಿಸುವಾಗ ಇನ್ನೊಬ್ಬರು ಟ್ರಾನ್ಸಮ್ಮಿನ ಮೇಲಂಚನ್ನು ದಿಟ್ಟಿಸಿ ನೋಡಬೇಕು. ಅದು ಕೂದಲೆಳೆಯಷ್ಟು ಬಾಗಿದರೂ, ಬೋಲ್ಟುಗಳ ಸುತ್ತ ಕಂದು ನೀರಿನ ಕಲೆ ಇಳಿದಿದ್ದರೂ ಆ ದೋಣಿಯನ್ನು ಅಲ್ಲಿಗೇ ಬಿಡುವುದು ಲೇಸು, ಏಕೆಂದರೆ ಟ್ರಾನ್ಸಮ್ ಹೊಸದಾಗಿ ಕಟ್ಟಿಸುವ ಖರ್ಚು ಹಳೆಯ ದೋಣಿಯ ಬೆಲೆಯನ್ನೇ ನುಂಗಬಲ್ಲದು.

ಡೆಕ್ಕಿನ ಅಡಿಯಲ್ಲಿ ಹುದುಗಿರುವ ಅಲ್ಯುಮಿನಿಯಂ ಪೆಟ್ರೋಲ್ ಟ್ಯಾಂಕು ಇನ್ನೊಂದು ಗುಪ್ತ ಖರ್ಚು. ತೇವಾಂಶ ಹಿಡಿದಿಟ್ಟುಕೊಂಡ ಫೋಮಿಗೆ ತಾಗಿ ಅದು ಹೊರಗಿನಿಂದ ತೂತು ಬೀಳುತ್ತದೆ, ಬದಲಾಯಿಸಲು ಅನೇಕ ದೋಣಿಗಳಲ್ಲಿ ಡೆಕ್ಕನ್ನೇ ಕೊಯ್ಯಬೇಕಾಗುತ್ತದೆ. ಮುಚ್ಚಳ ತೆರೆದು ಮೂಗು ಒಡ್ಡಿದಾಗ ಪೆಟ್ರೋಲಿನ ವಾಸನೆ ಬಂದರೆ ಯಾವ ಸಮಜಾಯಿಷಿಗೂ ಕಿವಿಗೊಡಬಾರದು.

ಇಂಜಿನ್ನಿನ ಕೆಳಭಾಗದ ಗೇರ್ ಪೆಟ್ಟಿಗೆಯ ತಿರುಪು ಸಡಿಲಿಸಿ ಎಣ್ಣೆ ನೋಡುವುದು ಐದು ನಿಮಿಷದ ಕೆಲಸ. ಅದು ಹಾಲು ಬೆರೆತಂತೆ ಬೆಳ್ಳಗಿದ್ದರೆ ಸೀಲು ಹಾಳಾಗಿ ನೀರು ಒಳಗೆ ಹೋಗಿದೆಯೆಂದರ್ಥ. ಇಂಜಿನ್ ಎಷ್ಟು ಗಂಟೆ ಓಡಿದೆ, ಯಾವ ವೇಗದಲ್ಲಿ ಎಷ್ಟು ಗಂಟೆ ಓಡಿದೆ ಎಂಬ ವಿವರವನ್ನು ಅದರೊಳಗಿನ ಕಂಪ್ಯೂಟರಿನಿಂದ ಮುದ್ರಿಸಿ ಕೊಡಲು ಮೆಕ್ಯಾನಿಕ್‌ಗೆ ಹೇಳಬಹುದು. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತವು ಫೋರ್ಟ್ ಮೈಯರ್ಸ್ ಸುತ್ತಲಿನ ಅಸಂಖ್ಯ ದೋಣಿಗಳನ್ನು ಮುಳುಗಿಸಿ ದಡಕ್ಕೆ ಎಸೆದಿತ್ತು. ಇಂಥ ಚಂಡಮಾರುತಗಳಲ್ಲಿ ಮುಳುಗೆದ್ದ ದೋಣಿಗಳು ಬಣ್ಣ ಬಳಿದುಕೊಂಡು ದೂರದ ರಾಜ್ಯಗಳಲ್ಲಿ ಮಾರಾಟಕ್ಕೆ ಬರುವುದುಂಟಾದ್ದರಿಂದ, ಕನ್ಸೋಲಿನ ಒಳಗೆ ಬಾಗಿ ವಿದ್ಯುತ್ ತಂತಿಗಳ ತುದಿಯಲ್ಲಿ ಹಸಿರು ಕಿಲುಬು ಇದೆಯೇ ಎಂದು ನೋಡುವುದನ್ನು ಮರೆಯಬಾರದು. ದೊಡ್ಡ ಮೊತ್ತದ ಖರೀದಿಯಾದರೆ ‘ಮರೀನ್ ಸರ್ವೇಯರ್’ ಎಂಬ ಸ್ವತಂತ್ರ ಪರೀಕ್ಷಕರನ್ನು ಕೊಳ್ಳುವವರೇ ಗೊತ್ತುಮಾಡಿಕೊಳ್ಳಬೇಕು. ಮಾರುವವರು ಸೂಚಿಸಿದವರು ಬೇಡ.

ಆರನೆಯ ಹಂತ: ನೀರಿನಲ್ಲಿ ಪರೀಕ್ಷೆ

ಗಾಳಿಯಿಲ್ಲದ ಮುಂಜಾನೆ ಎಲ್ಲ ದೋಣಿಗಳೂ ಒಳ್ಳೆಯವೇ. ಪರೀಕ್ಷೆಗೆ ತುಸು ಗಾಳಿ ಎದ್ದ ಮಧ್ಯಾಹ್ನವೇ ಬೇಕು. ಅಲೆಗೆ ಎದುರಾಗಿ, ಅಡ್ಡಲಾಗಿ, ಕೊನೆಗೆ ಅಲೆಯ ಜೊತೆಗೇ ಓಡಿಸಿ ನೋಡಬೇಕು. ಹಿಂದಿನಿಂದ ಬಂದ ಅಲೆ ತಳ್ಳಿದಾಗ ಮುಂತುದಿ ನೀರಿನಲ್ಲಿ ಹೂತು ದೋಣಿ ಒಮ್ಮೆಲೇ ಪಕ್ಕಕ್ಕೆ ತಿರುಗುವ ಸ್ವಭಾವವಿದ್ದರೆ ಅಳಿವೆಯಲ್ಲಿ ಅದು ಪ್ರಾಣಕ್ಕೆರವಾಗುತ್ತದೆ. ಇಳಿತದ ನೀರು ಹೊರಗೆ ನುಗ್ಗುವ ಹೊತ್ತಿಗೆ ಕಡಲ ಅಲೆ ಎದುರಾದಾಗ ಅಳಿವೆಯ ಬಾಯಲ್ಲಿ ಏಳುವ ತೆರೆ ಎಂಥದೆಂದು ಕರ್ನಾಟಕದ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಫ್ಲಾರಿಡದ ಜೂಪಿಟರ್ ಇನ್ಲೆಟ್ ಅದೇ ಕಾರಣಕ್ಕೆ ಅಪಾಯಕಾರಿಯೆಂದು ಹೆಸರಾಗಿದೆ. ಪೂರ್ತಿ ವೇಗದಲ್ಲಿ ಇಂಜಿನ್ ತಯಾರಕರು ಹೇಳಿದ ಸುತ್ತುಗಳನ್ನು ಮುಟ್ಟದಿದ್ದರೆ ಒಂದೋ ಪ್ರೊಪೆಲ್ಲರ್ ಸರಿಯಿಲ್ಲ, ಇಲ್ಲವೇ ಒಡಲು ನೀರು ಹೀರಿಕೊಂಡು ಭಾರವಾಗಿದೆ.

ಕೊನೆಯ ಹಂತ: ಕಾಗದಪತ್ರ

ಪ್ರತಿ ದೋಣಿಯ ಟ್ರಾನ್ಸಮ್ಮಿನ ಬಲಮೂಲೆಯಲ್ಲಿ 12 ಅಕ್ಷರ–ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಮೊದಲ ಮೂರು ತಯಾರಕರನ್ನೂ ಕೊನೆಯ ಎರಡು ಮಾದರಿಯ ವರ್ಷವನ್ನೂ ಸೂಚಿಸುತ್ತವೆ. ಅದು ಮಾಲಿಕತ್ವದ ಪತ್ರದಲ್ಲಿಯೂ ನೋಂದಣಿಯಲ್ಲಿಯೂ ಇರುವ ಸಂಖ್ಯೆಯೊಂದಿಗೆ ಅಕ್ಷರಶಃ ಹೊಂದಬೇಕು, ದೋಣಿಯ ಮೇಲೆ ಬ್ಯಾಂಕಿನ ಸಾಲ ಉಳಿದಿಲ್ಲವೆಂಬುದು ಬರಹದಲ್ಲಿ ಸಿಗಬೇಕು. ಫ್ಲಾರಿಡದಲ್ಲಿ 1988ರ ಜನವರಿ 1ರಂದು ಅಥವಾ ಆ ಬಳಿಕ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ದೋಣಿ ಓಡಿಸಲು ಸುರಕ್ಷತಾ ಶಿಕ್ಷಣದ ಕಾರ್ಡು ಪಡೆದಿರಬೇಕು. 26 ಅಡಿಗಿಂತ ಚಿಕ್ಕ ದೋಣಿಗಳಲ್ಲಿ, ಓಡಿಸುವವರು ನೀರಿಗೆ ಬಿದ್ದರೆ ಇಂಜಿನ್ನನ್ನು ತಾನೇ ನಿಲ್ಲಿಸುವ ಬಳ್ಳಿಯನ್ನು ಮೈಗೆ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಹಳೆಯ ದೋಣಿಯಲ್ಲಿ ಆ ಬಳ್ಳಿ ಕಳೆದುಹೋಗಿರುವ ಸಂಭವ ಹೆಚ್ಚಾದ್ದರಿಂದ ಹಣ ಕೊಡುವ ಮುನ್ನ ಅದನ್ನು ಕೇಳಿ ಪಡೆದು, ಇಂಜಿನ್ ಚಾಲೂ ಮಾಡಿ, ಬಳ್ಳಿ ಎಳೆದು, ಇಂಜಿನ್ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಬೇಕು.