ಮೆಟ್ಟಿಲು ಎಷ್ಟಿವೆ ಎಂದೂ ಬರೆಯಿರಿ

ಮೈಸೂರಿನಲ್ಲಿ ಸಣ್ಣದೊಂದು ಆಯುರ್ವೇದ ಚಿಕಿತ್ಸಾಲಯ ನಡೆಸಿಕೊಂಡು ಬಂದವನು ನಾನು. ಹೊಸದಾಗಿ ಚಿಕಿತ್ಸಾಲಯವನ್ನೋ ಯೋಗ ತರಗತಿಯನ್ನೋ ತೆರೆಯುವ ಮಕ್ಕಳು ವೆಬ್‌ಸೈಟ್ ಹೇಗಿರಬೇಕು ಎಂದು ಕೇಳುತ್ತಾರೆ. ಅವರಿಗೆ ಹೇಳುವುದು ಇಷ್ಟು.

• ನಿಮ್ಮ ಪುಟ ತೆರೆಯುವವರು ನೋವಿನಲ್ಲಿರುತ್ತಾರೆ, ಕೈಯಲ್ಲಿರುವುದು ಚಿಕ್ಕ ಮೊಬೈಲ್. ಯಾವ ಚಿಕಿತ್ಸೆ, ಎಲ್ಲಿ, ಯಾವ ಹೊತ್ತು, ಎಷ್ಟು ಶುಲ್ಕ ಎಂಬುದು ಬೆರಳಾಡಿಸುವ ಮೊದಲೇ ಕಾಣಲಿ. ಕಮಲದ ಹೂವು, ಸೂರ್ಯೋದಯದ ಚಿತ್ರಗಳು ಆಮೇಲೆ.

• ನಮ್ಮದು ಮೊದಲ ಮಹಡಿ. ಒಮ್ಮೆ ಒಬ್ಬ ತಾಯಿ ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಕೊನೆಯದರ ಮೇಲೆ ಕುಳಿತುಬಿಟ್ಟರು. ಮೊಣಕಾಲು ನೀವಿಕೊಳ್ಳುತ್ತಾ, "ಮೆಟ್ಟಿಲಿದೆ ಅಂತ ಗೊತ್ತಿದ್ರೆ ಮಗನ್ನ ಕರ್ಕೊಂಡು ಬರ್ತಿದ್ದೆ" ಎಂದರು. ಮೊಣಕಾಲು ನೋವಿಗೆ ಚಿಕಿತ್ಸೆ ಎಂದು ಬರೆದಿದ್ದ ನನಗೆ ಮೆಟ್ಟಿಲ ಸಂಗತಿ ಬರೆಯಲು ಹೊಳೆದಿರಲಿಲ್ಲ. ಅಂದು ರಾತ್ರಿಯೇ ಸೇರಿಸಿದೆ: ಹತ್ತಲಾಗದವರು ಕೆಳಗಿನಿಂದಲೇ ಫೋನ್ ಮಾಡಿ, ನಾವೇ ಇಳಿದು ಬರುತ್ತೇವೆ.

• ಕನ್ನಡದಲ್ಲಿ ಬರೆಯಿರಿ, ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿಸಿದ ಕರಪತ್ರವನ್ನು ಹಾಗೇ ಅಂಟಿಸಿದರೆ ಓದುಗರಿಗೂ ಕಾಣದು, ಗೂಗಲ್‌ಗೂ ಸಿಗದು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ಜನ ಹುಡುಕುವುದು "ಸೊಂಟ ನೋವು", "ಕಟಿಶೂಲ" ಅಲ್ಲ. ಕಟಿಬಸ್ತಿ ಎಂದು ಬರೆದು ಸುಮ್ಮನಾಗಬೇಡಿ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಅದರೊಳಗೆ ಬೆಚ್ಚನೆಯ ಎಣ್ಣೆ ನಿಲ್ಲಿಸುತ್ತೇವೆ, ಆರುತ್ತಿದ್ದಂತೆ ಬದಲಿಸುತ್ತೇವೆ, ಹಳೆಯ ಬಟ್ಟೆ ಉಟ್ಟು ಬನ್ನಿ ಎಂದು ಹೇಳಿ. ಅರ್ಧ ಭಯ ಅಲ್ಲೇ ಕಳೆಯುತ್ತದೆ.

• "ಸಕ್ಕರೆ ಕಾಯಿಲೆ ಸಂಪೂರ್ಣ ಗುಣ" ಎಂದು ಎಂದೂ ಬರೆಯಬೇಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ಹಲವು ರೋಗಗಳಿಗೆ ಔಷಧವಿದೆಯೆಂದು ಜಾಹೀರಾತು ಮಾಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆ ಹಾಗಿರಲಿ. ನಿಮ್ಮ ಒಂದು ಸಾಲನ್ನು ನಂಬಿ ಯಾರಾದರೂ ಇನ್ಸುಲಿನ್ ಬಿಟ್ಟರೆ? ಈ ಮಾತನ್ನು ನಾನು ಕೈಮುಗಿದು ಹೇಳುತ್ತೇನೆ.

• ಪದವಿ, ವೈದ್ಯ ನೋಂದಣಿ ಸಂಖ್ಯೆ ಎದ್ದು ಕಾಣಲಿ.

• ಡೊಮೈನ್ ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ಇರಲಿ. ನನ್ನ ಮೊದಲ ಸೈಟ್ ಮಾಡಿಕೊಟ್ಟವರು ಡೊಮೈನನ್ನು ತಮ್ಮ ಹೆಸರಿಗೆ ಕೊಂಡಿದ್ದರು. ನವೀಕರಣದ ಹೊತ್ತಿಗೆ ಅವರು ಫೋನಿಗೆ ಸಿಗಲಿಲ್ಲ. ವಿಳಾಸ ಕೈತಪ್ಪಿತು, ಅಚ್ಚು ಹಾಕಿಸಿದ್ದ ಚೀಟಿಗಳೆಲ್ಲ ದಂಡವಾದವು.

• ಫೋಟೊ ನಿಮ್ಮ ಕೋಣೆಯದೇ ಇರಲಿ, ನೀವು ಬಳಸುವ ಎಣ್ಣೆ ಚಿಕಿತ್ಸೆಯ ದ್ರೋಣಿಯದೇ ಇರಲಿ. ಗಾತ್ರ ಕುಗ್ಗಿಸಿ ಹಾಕಿ, ಹಳ್ಳಿಯ ನೆಟ್‌ವರ್ಕ್‌ನಲ್ಲೂ ತೆರೆಯಬೇಕು. ರೋಗಿಯ ಮುಖ ಹಾಕಬೇಡಿ. ನಿಮ್ಮ ಎದುರು ಇಲ್ಲ ಎನ್ನಲು ಸಂಕೋಚಪಟ್ಟು ಅವರು ಒಪ್ಪಿರಬಹುದು.

• ಫೋನ್ ಸಂಖ್ಯೆ ಒತ್ತಿದರೆ ಕರೆ ಹೋಗಬೇಕು, ವಾಟ್ಸಾಪ್ ಗುರುತು ಒತ್ತಿದರೆ ವಾಟ್ಸಾಪ್ ತೆರೆಯಬೇಕು. ಭೇಟಿ ಕೋರುವ ಅರ್ಜಿಯಲ್ಲಿ ಹೆಸರು, ಫೋನ್ ನಂಬರ್ ಸಾಕು. ಕಾಯಿಲೆಯ ಕಥೆ ಎದುರು ಕುಳಿತು ಕೇಳುವಂಥದ್ದು.

• ರಜೆಯನ್ನು ಹಿಂದಿನ ವಾರವೇ ಹಾಕಿ, ಗೂಗಲ್ ಮ್ಯಾಪ್‌ನಲ್ಲೂ ಬದಲಿಸಿ. ಒಂದು ಯುಗಾದಿಯ ಮರುದಿನ, ನಂಜನಗೂಡಿನಿಂದ ಬೆಳಗಿನ ಬಸ್ಸಿಗೆ ಬಂದ ವೃದ್ಧರೊಬ್ಬರು ಆ ಇಪ್ಪತ್ತೆರಡೂ ಮೆಟ್ಟಿಲು ಹತ್ತಿ, ಬೀಗ ನೋಡಿ ಇಳಿದು ಹೋದರಂತೆ. ಪಕ್ಕದ ಅಂಗಡಿಯವರು ಹೇಳಿದರು.